ಅರ ಹಿಡಿದ ಕೈ

ಬೀಗದವನ ಕೈಗೆ ಒಂದು ಚಟವಿತ್ತು. ಎಲ್ಲಾದರೂ ಲೋಹಕ್ಕೆ ಲೋಹ ತಾಗುವ ಸದ್ದು ಕೇಳಿದರೆ ಸಾಕು, ಅದು ಯಜಮಾನನ ಅಪ್ಪಣೆಗೂ ಕಾಯದೆ, ಉಜ್ಜಿ ಸವೆಸುವ ಅರವನ್ನು ಹುಡುಕುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗೆ, ಎದ್ದು ನಿಂತರೆ ತಲೆ ಬಡಿಯುವಂಥ ಅಂಗಡಿಯಲ್ಲಿ ಕೂತು ಬೀಗದ ಕೈ ಮಾಡುತ್ತಿದ್ದವನು. ಅವನು ಸೋತ ಬೀಗ ಊರಲ್ಲೇ ಇರಲಿಲ್ಲ. ಇದ್ದರೂ ಅದರ ಸುದ್ದಿಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಅಂಥವನ ಕೈಗೆ ಅವನ ಅಕ್ಕ ತನ್ನ ಬೇಸ್ ಗಿಟಾರ್ ಕೊಟ್ಟಳು. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು ಎಂದು ಬೇರೆಯವರು ಹೇಳುವ ಮೊದಲು ನಾವೇ ಹೇಳಿಬಿಡುವುದು ಒಳ್ಳೆಯದು.

ಅಕ್ಕ ಅವನಿಗಿಂತ ಏಳು ವರ್ಷ ದೊಡ್ಡವಳು. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ವಾರವೆಲ್ಲ ಕಂಡವರ ಅಂಗಿಗಳ ಸುಕ್ಕು ಬಿಡಿಸಿ, ಭಾನುವಾರ ಮಧ್ಯಾಹ್ನ ಬೇಕರಿಯ ಹಿಂದಿನ ಉಗ್ರಾಣದಲ್ಲಿ, ಮೈದಾ ಮೂಟೆಗಳ ನಡುವೆ, ನಾಲ್ಕು ಜನರ ತಂಡದಲ್ಲಿ ಬೇಸ್ ನುಡಿಸುತ್ತಿದ್ದಳು. ಹತ್ತೊಂಬತ್ತು ವರ್ಷ, ಒಂದೇ ಗಿಟಾರ್. ಆಮೇಲೆ ಎಡಗೈಯ ಮಣಿಕಟ್ಟಿನಲ್ಲಿ ನರ ಒತ್ತಿಹೋಗಿ ಬೆರಳುಗಳು ಜೋಮು ಹಿಡಿದವು. ಗಿಟಾರಿನ ತಂತಿ ಒತ್ತುವ ಕೈ ಅದೇ. ಆಪರೇಷನ್ ಆಯಿತು. ಆರು ತಿಂಗಳಲ್ಲಿ ಬೆರಳಿಗೆ ಜೀವ ಬರಬಹುದು ಎಂದರು ಡಾಕ್ಟರು. ಬಂದೇ ಬರುತ್ತದೆ ಎಂದು ಅಕ್ಕ ಎಲ್ಲರಿಗೂ ಹೇಳಿಕೊಂಡು ಬಂದಳು.

"ಅಲ್ಲೀತನಕ ನನ್ನ ಜಾಗ ಖಾಲಿ ಬಿಟ್ರೆ ಇನ್ಯಾರನ್ನೋ ತಂದು ಕೂರಿಸ್ತಾರೆ ಕಣೋ," ಎಂದಳು ತಮ್ಮನಿಗೆ. "ನೀನು ಕಲಿ. ನಾಲ್ಕು ಹಾಡು ಬಂದ್ರೆ ಸಾಕು. ನನ್ನ ಕೈ ಸರಿಹೋದ ದಿನ ಎದ್ದು ಜಾಗ ಬಿಡು. ಗಿಟಾರಿಗೆ ಏನಾದ್ರೂ ಆದ್ರೆ ನನ್ನನ್ನ ಕೇಳು. ನೀನೇ ಕೈ ಹಾಕ್ಬೇಡ."

ಮೊದಲನೆಯ ಅವಮಾನ ಶ್ರುತಿಯಿಂದ ಬಂತು. ಫೋನಿನ ಮುಂದೆ ತಂತಿ ಮೀಟಿದರೆ ಅದು ಸ್ವರದ ಅಕ್ಷರ ತೋರಿಸಿ, ಸರಿಯಿದ್ದರೆ ಹಸಿರಾಗುತ್ತಿತ್ತು. ಇವನು ಎಲ್ಲಕ್ಕಿಂತ ದಪ್ಪ ತಂತಿಯನ್ನು ಸಡಿಲಿಸುತ್ತ ಸಡಿಲಿಸುತ್ತ ಹೋಗಿ, ಹಸಿರು ಕಂಡ ಕೂಡಲೇ ಗೆದ್ದೆನೆಂದು ನಿಲ್ಲಿಸಿದ. ಅಕ್ಷರವೇನೋ ಅದೇ, ಆದರೆ ಒಂದು ಸ್ಥಾಯಿ ಕೆಳಗೆ. ತಂತಿ ಜೋತುಬಿದ್ದು, ಮೀಟಿದರೆ ಸ್ವರ ಬರುವ ಬದಲು ಬಡಬಡ ಬಡಿದುಕೊಳ್ಳುತ್ತಿತ್ತು. ಫೋನಿನಲ್ಲಿ ಅದನ್ನು ಕೇಳಿಸಿದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬಟ್ಟೆ ಒಣಹಾಕೋಕೆ ಕಟ್ಟಿದ್ದೀಯೇನೋ? ಬಿಗಿ ಮಾಡೋ. ಇನ್ನೂ ಬಿಗಿ. ಹೆದರ್ಬೇಡ, ಕಿತ್ತು ಹೋಗಲ್ಲ."

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅವಳು ಅದನ್ನು ಡ್ರಮ್ ಬಾರಿಸುವ ಬೇಕರಿಯವನಿಗೆ ಹೇಳಿದಳು; ಬೇಕರಿಯವನ ಬಾಯಲ್ಲಿ ಬ್ರೆಡ್ಡಾದರೂ ನಿಂತೀತು, ಮಾತು ನಿಲ್ಲದು. ಭಾನುವಾರ ಇವನು ಉಗ್ರಾಣಕ್ಕೆ ಕಾಲಿಟ್ಟ ಕೂಡಲೇ, "ಬಂದ್ರಪ್ಪಾ ಬಟ್ಟೆಹಗ್ಗ!" ಎಂದು ಡ್ರಮ್ಮಿನ ಮೇಲೆ ಒಂದು ಏಟು ಬಿತ್ತು. ಬೀಗದವನು ಎಲ್ಲರ ಜೊತೆ ನಕ್ಕ. ಒಳಗೆ ಮಾತ್ರ, ಇನ್ನು ಸತ್ತರೂ ಅಕ್ಕನನ್ನು ಏನೂ ಕೇಳುವುದಿಲ್ಲ ಎಂದು ಹಟ ಹಿಡಿದ. ನಲವತ್ತಾರು ವಯಸ್ಸಿನ ಗಂಡಸಿನ ಹಟ ಎಂದರೆ ಆರು ವಯಸ್ಸಿನ ಹುಡುಗನ ಹಟವೇ, ಮೀಸೆ ಬಂದಿರುತ್ತದೆ ಅಷ್ಟೆ.

ಮೂರು ತಿಂಗಳು ಕಳೆಯಿತು. ಹವೆ ಒಣಗಿ ತುಟಿ ಒಡೆಯುವ ಕಾಲ ಬಂತು. ಒಂದು ದಿನ ದಪ್ಪ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ, ಸ್ವರದ ಬೆನ್ನಿಗೇ ಝರ್ ಎಂದು ಒಂದು ಸದ್ದು. ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಸಣ್ಣ ಪಟ್ಟಿ. ಒತ್ತಿದ ತಂತಿ ಒಂದರ ಮೇಲೆ ಕೂರಬೇಕು, ಮುಂದಿನದಕ್ಕೆ ತಾಗಬಾರದು. ಇಲ್ಲಿ ನಾಲ್ಕನೆಯದಕ್ಕೆ ತಾಗುತ್ತಿತ್ತು. ಜೋರಾಗಿ ಒತ್ತಿ ನೋಡಿದ, ಮೆಲ್ಲಗೆ ಮೀಟಿ ನೋಡಿದ, ಶ್ರುತಿ ಇನ್ನೊಮ್ಮೆ ಸರಿಮಾಡಿದ. ಸದ್ದು ಜಪ್ಪಯ್ಯ ಅನ್ನಲಿಲ್ಲ.

ಬೀಗದವರಲ್ಲಿ ಒಂದು ಪದ್ಧತಿಯಿದೆ. ಮೂಲ ಕೈ ಕಳೆದುಹೋದ ಬೀಗಕ್ಕೆ ಹೊಸದು ಮಾಡುವಾಗ, ಹಲ್ಲು ಕೊರೆಯದ ಕೈಗೆ ಮಸಿ ಬಳಿದು ಬೀಗದೊಳಗೆ ತಿರುಗಿಸುತ್ತಾರೆ. ಎಲ್ಲಿ ಮಸಿ ಅಳಿಸಿತೋ ಅಲ್ಲಿ ತಾಗುತ್ತಿದೆ ಎಂದು ಅರ್ಥ. ಅಲ್ಲಿ ಅರ ಹಾಕುತ್ತಾರೆ. ಒಂದು ಮಧ್ಯಾಹ್ನ ಇವನು ಅಂಗಡಿಯ ಬಾಗಿಲು ಅರ್ಧ ಇಳಿಸಿ, ಅಕ್ಕನ ಗಿಟಾರಿನ ಫ್ರೆಟ್ಟುಗಳಿಗೆ ಕಪ್ಪು ಮಾರ್ಕರ್ ಬಳಿದು, ಒಂದು ಹಾಡು ನುಡಿಸಿದ. ಒತ್ತಿದಲ್ಲೆಲ್ಲ ಮಸಿ ಅಳಿಸಿತು. ಅಳಿಸದೆ ಇನ್ನೇನಾದೀತು, ತಂತಿ ಇರುವುದೇ ಒತ್ತುವುದಕ್ಕೆ. ಆದರೆ ಅಷ್ಟು ಹೊತ್ತಿಗೆ ಅರ ಕೈಗೆ ಬಂದಾಗಿತ್ತು.

ನಾಲ್ಕನೆಯ ಫ್ರೆಟ್ಟನ್ನು ಕೂದಲೆಳೆಯಷ್ಟು ತಗ್ಗಿಸಿದ. ಮೂರನೆಯದರ ಸದ್ದು ಹೋಯಿತು! ಖುಷಿಯಲ್ಲಿ ಟೀ ತರಿಸಿ ಕುಡಿದ. ಟೀ ಮುಗಿಸಿ ನಾಲ್ಕನೆಯದನ್ನು ಒತ್ತಿದರೆ ಈಗ ಐದನೆಯದಕ್ಕೆ ತಾಗಿ ಝರ್ ಎಂದಿತು. ಐದನ್ನು ತಗ್ಗಿಸಿದರೆ ಆರು, ಆರನ್ನು ತಗ್ಗಿಸಿದರೆ ಏಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರ ಕಥೆ ಕೇಳಿದ್ದೆವು. ಇವನು ಒಂದಾದ ಮೇಲೊಂದು ಐದು ಮೂಗು ಕೊಯ್ದ. ಎಂಟನೆಯ ಫ್ರೆಟ್ಟಿನ ಹತ್ತಿರ ಬೆವರು ಒರೆಸಿಕೊಂಡು ನಿಲ್ಲಿಸಿದಾಗ ಒಂದು ಕಡೆ ಇದ್ದ ಸದ್ದು ನಾಲ್ಕು ಕಡೆ ಆಗಿತ್ತು. ನುಣ್ಣನೆಯ ಉಜ್ಜುಕಾಗದ ಹಾಕಿ ಕನ್ನಡಿಯಂತೆ ಹೊಳಪು ಕೊಟ್ಟ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬೆರಳು ಹಾಯಿಸಿದರೆ ಮಾತ್ರ ತಗ್ಗು ಸಿಗುತ್ತಿತ್ತು.

ವಾರದ ಮೇಲೆ ಊಟ ಮಾಡುತ್ತ ಫೋನಿನಲ್ಲಿ ಒಂದು ವಿಡಿಯೊ ನೋಡಿದ. ಹವೆ ಒಣಗಿದಾಗ ಗಿಟಾರಿನ ಕತ್ತು ಹಿಂದಕ್ಕೆ ಬಾಗಿ ತಂತಿ ಫ್ರೆಟ್ಟಿಗೆ ಹತ್ತಿರವಾಗುತ್ತದಂತೆ. ತುದಿಯ ಮುಚ್ಚಳ ತೆಗೆದು, ಒಳಗಿರುವ ಸರಳನ್ನು ಆರು ಮೂಲೆಯ ಕೀಲಿಯಿಂದ ಕಾಲು ಸುತ್ತು ಸಡಿಲಿಸಿದರೆ ಮುಗಿಯಿತಂತೆ. ಒಂದು ಕೀಲಿ, ಕಾಲು ಸುತ್ತು. ಜನ್ಮವೆಲ್ಲ ಕೀಲಿ ತಿರುಗಿಸಿದವನಿಗೆ ಹೊಳೆಯದೆ ಹೋದದ್ದು ಅದೊಂದೇ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅಕ್ಕ ದಿನಾ ಸಂಜೆ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ, ಮಡಿಸಿ, ಬಿಡಿಸಿ, ಮತ್ತೆ ಮಡಿಸಿ ಕೂರುತ್ತಿದ್ದಳು. ಅಷ್ಟೆಲ್ಲ ಮಾಡಿ ಅವಳು ವಾಪಸ್ ಬರಬೇಕಾಗಿದ್ದದ್ದು ಈ ಗಿಟಾರಿಗೆ.

ನಾಲ್ಕನೆಯ ತಿಂಗಳಲ್ಲಿ ಒಂದು ಭಾನುವಾರ ಅವಳೇ ಉಗ್ರಾಣಕ್ಕೆ ಬಂದಳು, ಸುಮ್ಮನೆ ಕೇಳಿ ಹೋಗುತ್ತೇನೆ ಎಂದು. ಮೂಟೆಯ ಮೇಲೆ ಕೂತಳು. ಎಡಗೈಯನ್ನು ಮಗುವನ್ನು ಮಲಗಿಸಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. "ಹೇಗಿದೆ ಅಕ್ಕಾ ಕೈ?" ಎಂದು ಬೇಕರಿಯವನು ಕೇಳಿದ್ದಕ್ಕೆ, "ಎಷ್ಟೋ ವಾಸಿ. ಜೋಮು ಬಿಡ್ತಾ ಇದೆ," ಎಂದಳು.

ಬೀಗದವನು ಮೆಲ್ಲಗೆ ನುಡಿಸಿದ. ಡ್ರಮ್ಮಿನ ಸದ್ದಿನ ಹಿಂದೆ ಅಡಗಿಕೊಳ್ಳಲು ನೋಡಿದ. ಆದರೆ ಮೊದಲ ಹಾಡಿನ ಅರ್ಧದಲ್ಲೇ ಅಕ್ಕನ ತಲೆ ಒಂದು ಕಡೆ ವಾಲಿತು. ಝರ್ ಎಂಬ ಸದ್ದು ಅವಳ ಕಿವಿಗೆ ಬಿದ್ದಿತ್ತು. ಅವನು ಇನ್ನೂ ಮೆಲ್ಲಗೆ ಮೀಟಿದ.

ಅಭ್ಯಾಸ ಮುಗಿದ ಮೇಲೆ ಅವಳು ಅವನನ್ನು ಹೊರಗೆ, ಖಾಲಿ ಬ್ರೆಡ್ ಟ್ರೇಗಳ ಹತ್ತಿರ ಕರೆದಳು. ಬೈಗುಳಕ್ಕೆ ಸಿದ್ಧನಾಗಿ ಹೋದವನಿಗೆ ಅವಳ ಕಣ್ಣು ಒದ್ದೆಯಾಗಿದ್ದದ್ದು ಕಂಡಿತು.

"ನಿನಗೊಂದು ವಿಷಯ ಹೇಳಿಲ್ಲ ಕಣೋ," ಎಂದಳು. "ಆಪರೇಷನ್ನಿಗೆ ಮುಂಚೆ ಒಂದಿನ ನನ್ನ ಕೈ ಸೋತುಹೋಗಿ ಗಿಟಾರ್ ಜಾರಿ ಬಿತ್ತು. ಮೆಟ್ಟಿಲ ಅಂಚಿಗೆ ಹೊಡೀತು, ಕತ್ತೇ ಬಡೀತು. ಹೊರಗೆ ಏನೂ ಕಾಣ್ಲಿಲ್ಲ ಅಂತ ಸುಮ್ಮನಾದೆ. ಆ ಸದ್ದು ಅದರದ್ದೇ. ಹಾಳು ಮಾಡಿದ್ದು ನಾನು, ನುಡಿಸೋಕೆ ಬರಲ್ಲ ಅನ್ನಿಸ್ಕೊಂಡಿದ್ದು ನೀನು. ಏನೂ ಅಂದ್ಕೋಬೇಡ."

ಬಾಯಿ ಬಿಡಬೇಕಾದ ಹೊತ್ತು ಅದು. ಬೀಗದವನು, "ಅಯ್ಯೋ, ಹೋಗ್ಲಿ ಬಿಡಕ್ಕ," ಎಂದ. ಅಂದುಬಿಟ್ಟ! ಚಿಕ್ಕವನಿದ್ದಾಗ ಇವನು ಒಡೆದದ್ದಕ್ಕೆಲ್ಲ ಪೆಟ್ಟು ತಿಂದವಳು ಅವಳು. ಈಗ ಇವನ ತಪ್ಪನ್ನು ತಾನಾಗಿಯೇ ಹೊತ್ತುಕೊಂಡು ನಿಂತಿದ್ದಳು, ಇವನು ಅವಳನ್ನು ಕ್ಷಮಿಸಿ ದೊಡ್ಡವನಾದ. "ನಾಳೆ ರಿಪೇರಿಯವನ ಹತ್ರ ತಗೊಂಡು ಹೋಗ್ತೀನಿ," ಎಂದು ಅವಳು ಗಿಟಾರನ್ನು ಬಲಭುಜಕ್ಕೆ ಹಾಕಿಕೊಂಡು ಹೊರಟಳು.

ಮನೆಯಲ್ಲಿ ಹೆಂಡತಿಗೆ ಹೇಳದೆ ಇರಲಾಗಲಿಲ್ಲ. ಅವಳು ಬಟ್ಟೆ ಮಡಿಸುತ್ತಲೇ ಕೇಳಿಸಿಕೊಂಡಳು. ನಡುವೆ ಇವನು, ರಿಪೇರಿಯವನು ಕಂಡುಹಿಡಿದರೂ ಹಿಡಿಯಬಹುದು, ಹಿಡಿಯದೆಯೂ ಇರಬಹುದು, ಹೊಳಪು ಮಾತ್ರ ಚೆನ್ನಾಗಿಯೇ ಕೊಟ್ಟಿದ್ದೇನೆ ಎಂದೂ ಸೇರಿಸಿದ.

"ಅಲ್ಲಾ ರೀ," ಎಂದಳು ಹೆಂಡತಿ. "ಫ್ರೆಟ್ಟೋ ಪಟ್ಟಿಯೋ, ಅದು ಹಾಳಾದ್ರೆ ಹೊಸದು ಹಾಕ್ಬಹುದು. ಅವರು ತಮ್ಮ ಕೈಯಿಂದ ಆಯ್ತು ಅಂತ ಕೊರಗ್ತಾ ಇದ್ದಾರೆ. ಆ ಕೈಗೆ ಇನ್ನೊಂದು ಅಪರಾಧ ಅಂಟಿಸಿ ನೀವು ಊಟ ಹೇಗೆ ಮಾಡ್ತೀರಿ?"

ಅವನು ಊಟ ಮಾಡಲಿಲ್ಲ. ಬೆಳಿಗ್ಗೆ ಅಂಗಡಿಗೂ ಹೋಗದೆ ಅಕ್ಕನ ಮನೆಗೆ ಹೋದ.

ಅಕ್ಕ ಅಡುಗೆಮನೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ತಂತಿಗಳನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿದ್ದಳು. ಕಣ್ಣು ಮುಚ್ಚಿ, ಎಡಗೈಯ ಬೆರಳುಗಳನ್ನು ಫ್ರೆಟ್ಟುಗಳ ಮೇಲೆ ಒಂದೊಂದಾಗಿ ಹಾಯಿಸುತ್ತ, ಹತ್ತೊಂಬತ್ತು ವರ್ಷ ನಡೆದ ದಾರಿಯಲ್ಲಿ ಮತ್ತೆ ನಡೆಯುತ್ತಿದ್ದಳು.

"ಬಾರೋ," ಎಂದಳು. "ನೋಡು, ಮೊದಲಿಂದ ಕೊನೇತನಕ ಮುಟ್ಟಿ ನೋಡ್ದೆ. ಎಲ್ಲಾ ಸಮ ಇದೆ. ಬಿದ್ದ ಗುರುತೇ ಇಲ್ಲ. ಕತ್ತು ಒಳಗೇ ಬಿರುಕು ಬಿಟ್ಟಿರ್ಬೇಕು."

ಅವನು ನಿಂತಲ್ಲೇ ಒಂದೇ ಉಸಿರಿಗೆ ಎಲ್ಲ ಹೇಳಿದ. ಮಾರ್ಕರ್, ಅರ, ನಾಲ್ಕರಿಂದ ಎಂಟು, ಉಜ್ಜುಕಾಗದ. "ನೀನು ಬೀಳಿಸಿದ್ದಕ್ಕೆ ಏನೂ ಆಗಿಲ್ಲ ಅಕ್ಕ. ನಾನು ಹಾಳು ಮಾಡ್ದೆ. ನಿನ್ನೆ ನೀನು ನಿನ್ನ ಮೇಲೆ ಹಾಕ್ಕೊಂಡಾಗ ಸುಮ್ಮನೆ ನಿಂತಿದ್ದೆ. ನನ್ನಂಥ ನೀಚ ಇಲ್ಲ."

ಅಕ್ಕ ನಕ್ಕುಬಿಟ್ಟಳು. "ಹೋಗೋ. ನಾನು ಬೇಜಾರು ಮಾಡ್ಕೊಂಡಿದ್ದೀನಿ ಅಂತ ಕಥೆ ಕಟ್ತಿದ್ದೀಯಾ. ಈಗ ತಾನೇ ಮುಟ್ಟಿ ನೋಡ್ದೆ ಅಂದ್ನಲ್ಲ. ಅರ ಹಾಕಿದ್ರೆ ನನ್ನ ಬೆರಳಿಗೆ ಗೊತ್ತಾಗಲ್ವೇನೋ?"

ನಂಬಲಿ ಎಂದು ಬಂದವನಿಗೆ ಇದೊಂದು ಕಷ್ಟ. ಇಲ್ಲಿಗೇ ಬಿಟ್ಟು ಬಂದಿದ್ದರೆ ಹೇಳಿದ ಪುಣ್ಯವೂ ಬರುತ್ತಿತ್ತು, ಬೈಗುಳವೂ ತಪ್ಪುತ್ತಿತ್ತು. ಆದರೆ ಈ ಸಲ ಅವನು ಜಾರಿಕೊಳ್ಳಲಿಲ್ಲ. ಮುಂದೆ ಬಂದು ಮಂಡಿಯೂರಿ ಕೂತು, ಅವಳ ಬಲಗೈಯನ್ನು ಹಿಡಿದು, ತೋರುಬೆರಳನ್ನು ಮೂರನೆಯ ಫ್ರೆಟ್ಟಿನ ಮೇಲಿಟ್ಟ. ಅಲ್ಲಿಂದ ನಾಲ್ಕಕ್ಕೆ ತಂದ, ಆಮೇಲೆ ಐದಕ್ಕೆ. ಬೆರಳು ತಗ್ಗಿಗೆ ಇಳಿಯಿತು.

ಅಕ್ಕನ ನಗು ನಿಂತಿತು. ತಾನೇ ಇನ್ನೊಮ್ಮೆ ಬಲಗೈಯ ಬೆರಳನ್ನು ಹಾಯಿಸಿದಳು. ಆಮೇಲೆ ಅದೇ ಜಾಗದಲ್ಲಿ ಎಡಗೈಯ ಬೆರಳನ್ನು ಹಾಯಿಸಿದಳು. ಮತ್ತೆ ಬಲಗೈ. ಮತ್ತೆ ಎಡಗೈ, ಈ ಸಲ ತುದಿ ಬೆಳ್ಳಗಾಗುವಷ್ಟು ಒತ್ತಿ.

ಅವನು ಬೈಗುಳಕ್ಕೆ ಕಾಯುತ್ತಿದ್ದ. ಕೆನ್ನೆಗೆ ಒಂದು ಬಿದ್ದರೂ ಹಗುರಾಗುತ್ತಿದ್ದ.

"ಈ ಕೈಗೆ ಯಾಕೋ ಗೊತ್ತಾಗ್ಲಿಲ್ಲ?" ಎಂದು ಕೇಳಿದಳು ಅಕ್ಕ.

  ಜೋಮು ಬಿಡುತ್ತಿದೆ ಎಂದು ಅವಳು ಬೇಕರಿಯವನಿಗೆ ಹೇಳಿದ್ದು ಬೇಕೆಂದು ಹೇಳಿದ ಸುಳ್ಳಲ್ಲ ಎಂದು ಅವನಿಗೆ ಆಗ ತಿಳಿಯಿತು. ಅವಳು ನಿಜವಾಗಿಯೂ ಹಾಗೇ ನಂಬಿದ್ದಳು. ಬೆರಳಿಗೆ ಏನೂ ತಗುಲದಿದ್ದರೆ ಎಲ್ಲ ಸಮ ಎಂದೇ ಎಣಿಸಿದ್ದಳು. ನಿಜ ಹೇಳಿ ತನ್ನ ಭಾರ ಇಳಿಸಿಕೊಳ್ಳಲು ಬಂದವನು, ಅವಳ ಕೈ ಹಿಡಿದು, ಆ ಬೆರಳಿಗೆ ಇನ್ನೂ ಜೀವ ಬಂದಿಲ್ಲ ಎಂಬ ನಿಜದ ಹತ್ತಿರಕ್ಕೇ ಕರೆದುಕೊಂಡು ಹೋಗಿದ್ದ.

"ತಪ್ಪಾಯ್ತಕ್ಕ," ಎಂದ. ಯಾವುದಕ್ಕೆ ಎಂದು ಅವನಿಗೇ ಗೊತ್ತಿರಲಿಲ್ಲ.

ಅಕ್ಕ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಆಮೇಲೆ ಬಲಗೈಯೊಂದರಿಂದಲೇ ಗಿಟಾರನ್ನು ಎತ್ತಿ, ಪಟ್ಟಿಯನ್ನು ಅವನ ಕೊರಳಿಗೆ ಹಾಕಿ, ಅದು ಸರಿಯಾಗಿ ಕೂತಿದೆಯೇ ಎಂದು ಭುಜದ ಹತ್ತಿರ ಎಳೆದು ನೋಡಿದಳು.

"ರಿಪೇರಿಯವನ ಹತ್ರ ನೀನೇ ಹೋಗು," ಎಂದಳು. "ಫ್ರೆಟ್ ಹೊಸದು ಹಾಕ್ಸು. ಆಮೇಲೆ ಅವನು ತಂತಿ ಎಷ್ಟು ಎತ್ತರಕ್ಕೆ ಬೇಕು ಅಂತ ಕೇಳ್ತಾನೆ, ನುಡಿಸೋರ ಕೈ ನೋಡ್ತಾನೆ. ನನ್ನ ಹೆಸರು ಹೇಳ್ಬೇಡ. ನಿನ್ನ ಕೈ ತೋರ್ಸು."