ನಾಲಿಗೆಗೆ ಹಚ್ಚದ ರಸ

ತೀರಿಹೋದ ಗಂಡನ ಮೈ ತೊಳೆಯಲು ನೀರು ಕಾಯಬೇಕಿತ್ತು. ದ್ರಾಕ್ಷಿ ಬಳ್ಳಿಯ ಒಣಕಡ್ಡಿ ಮುರಿದು ಒಲೆಗೆ ಇಡುತ್ತಿದ್ದ ಕಾಶವ್ವನ ಕೈ, ತೋಟದಿಂದ ಗುದ್ದಲಿಯ ಸದ್ದು ಬಂದೊಡನೆ ನಿಂತಿತು.

"ಎಲ್ಲಿ ಅಗೀಲಿಕ್ಕತ್ತೀರಿ?"

"ಮೂಲಿ ಬಳ್ಳಿ ಬುಡಕ, ಅತ್ತಿಗ್ಯಾರ," ಎಂದ ಆಳಿನಿಂದ ಅಗೆಸುತ್ತಿದ್ದ ಮೈದುನ ಶಿವರುದ್ರಪ್ಪ. "ತ್ವಾಟದಾಗ ಮಣ್ಣ ಕೊಡ್ರಿ ಅಂದಿದ್ದನಲ್ಲ ಅಣ್ಣ. ಅಲ್ಲಿ ನೆಲ ಭಾಳ ಮೆತ್ತಗದ."

ಮೆತ್ತಗೆ ಯಾಕಿದೆಯೆಂಬುದು ಅವಳೊಬ್ಬಳಿಗೇ ಗೊತ್ತು. ಅದರಡಿ ಗಂಡ ಸಿದ್ರಾಮಪ್ಪ ಗುಟ್ಟಾಗಿ ಹೂತ ವೈನಿನ ಭರಣಿ ಇತ್ತು. ಪಡಸಾಲೆಯಲ್ಲಿ ಕೂತ ಮಠದ ಅಯ್ಯನವರಿಗೆ ಸೆರೆಯ ವಾಸನೆ ಬಡಿದರೆ ಎದ್ದೇ ಹೋಗುತ್ತಾರೆ. ಲಿಂಗಾಯತರ ಕಡೆಯ ವಿಧಿಯಂತೆ ಅವರ ಪಾದ ತಲೆಗೆ ಸೋಕದೆ ಸಿದ್ರಾಮಪ್ಪ ದಿಕ್ಕಿಲ್ಲದವನಂತೆ ಕುಣಿಗೆ ಇಳಿಯಬೇಕಾಗುತ್ತದೆ.

"ಬ್ಯಾರೆ ಕಡೆ ಅಗೀರಿ. ಅಲ್ಲಿ ಬೇರು ಕಡೀತಾವ."

"ಸತ್ತವಂಗ ಜಾಗಾ ಕೊಡ್ಲಿಕ್ಕೂ ಬಳ್ಳೀನ್ನ ಕೇಳ್ಬೇಕೇನ್ರಿ?"

ಗುದ್ದಲಿ ನಿಲ್ಲಲಿಲ್ಲ.

*

ಕಾತ್ರಜ ಕೆರೆಯ ದಂಡೆಗೆ ಈ ತೋಟ ಹಾಕಿದವನು ಒಬ್ಬ ಸ್ವಿಸ್ ಸಾಹೇಬ. ಅವನ ಊರಲ್ಲೂ ಸರೋವರದ ದಂಡೆಗೇ ದ್ರಾಕ್ಷಿಯಂತೆ, ಮೇಲಿನ ಗುಡ್ಡಕ್ಕೆ ಹಿಮವಂತೆ. ಪುಣೆಯ ಬಿಸಿಲಿಗೆ ರಸ ಕೆಡದಂತೆ ಕೆರೆಯ ತಂಪು ಮಣ್ಣಲ್ಲಿ ಭರಣಿ ಹೂಳುವುದನ್ನು ಸಿದ್ರಾಮಪ್ಪನಿಗೆ ಕಲಿಸಿದ. ರುಚಿ ನೋಡುವುದು ಮಾತ್ರ ಸಾಹೇಬನ ಕೆಲಸ. ಕೊರಳಲ್ಲಿ ಲಿಂಗವಿದ್ದ ಸಿದ್ರಾಮಪ್ಪ ಬೆರಳನ್ನೂ ನೆಕ್ಕಿದವನಲ್ಲ.

ಲಡಾಯಿ ಮುಗಿದ ವರ್ಷ ಸಾಹೇಬ ತೋಟ ಇವನಿಗೇ ಬಿಟ್ಟು ಊರಿಗೆ ಹೋದ. ಅಲ್ಲಿಂದ ಬರೆದು ಕೇಳಿದ್ದು ಒಂದೇ ಮಾತು: ರಸ ಹೇಗಾಗಿದೆ?

ಇಂಗ್ಲಿಷ್ ಬಲ್ಲ ತಮ್ಮನಿಂದ ಸಿದ್ರಾಮಪ್ಪ ಉತ್ತರ ಬರೆಸಿದ. ರುಚಿಯ ಜಾಗ ಖಾಲಿ ಉಳಿಯಿತು. ಯಾರಿಗಾದರೂ ಕುಡಿಸಿ ಕೇಳಿದರೆ ಸುದ್ದಿ ಮಠ ಮುಟ್ಟೀತೆಂಬ ಅಂಜಿಕೆ. ಕಳಿಸದೆ ಜಂತಿಗೆ ಸಿಕ್ಕಿಸಿದ ಕಾಗದ ಹೊಗೆ ಹಿಡಿಯಿತು.

"ಸುಳ್ಳ ಹ್ಯಾಂಗ ಬರಸಲಿ, ಕಾಶಿ?" ಎನ್ನುತ್ತಿದ್ದ.

*

ಹೆಣಕ್ಕೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸುವಷ್ಟರಲ್ಲಿ ತೋಟದಲ್ಲಿ ಠಣ್ಣೆಂದಿತು. ಕುಣಿ ಅಗೆಯುತ್ತಿದ್ದ ಆಳು ಕೃಷ್ಣಾಜಿ ಗುದ್ದಲಿ ಎತ್ತಿದ. ಭರಣಿಯ ಬಾಯಿ ಒಡೆದು ಹುಳಿವಾಸನೆ ಪಡಸಾಲೆಯವರೆಗೂ ಬಂತು.

ಅಯ್ಯನವರು ಮೂಗಿಗೆ ಶಲ್ಯ ಹಿಡಿದು ಎದ್ದರು. "ಏನದು?"

ಉಪ್ಪಿನಕಾಯಿ ಎನ್ನಬಹುದಿತ್ತು. ಕಾಶವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಸೆರೀರಿ, ಅಯ್ಯಾರ. ಇವರ ಮಾಡಿದ್ದು. ಒಂದ ಹನಿ ಬಾಯಿಗೆ ಹಚ್ಚಲಿಲ್ಲ. ಅದಕ್ಕ ಒಂದು ಕಾಗದ ಕಳಸಲಾರದ ಹ್ವಾದ್ರು."

ಅಯ್ಯನವರು ಹೆಣದ ಎದೆಯ ಮೇಲಿನ ಲಿಂಗವನ್ನು ನೋಡಿದರು. ಅಂಗಳಕ್ಕಿಳಿದು ಹಾವುಗೆ ಮೆಟ್ಟಿದರು. ಎದ್ದೇ ಹೋದರೆಂದುಕೊಂಡಳು ಕಾಶವ್ವ. ಅವರು ತೋಟದೊಳಕ್ಕೆ ನಡೆದು, ಭರಣಿಯಿಂದ ತುಸು ಆಚೆ ಬೆತ್ತದಿಂದ ಗೆರೆ ಎಳೆದರು.

"ಇಲ್ಲಿ ಅಗೀರಿ."

ಅಯ್ಯನವರು ಪಾದ ಸೋಕಿಸಿ ಮಣ್ಣು ಕೊಟ್ಟಾದ ಮೇಲೆ ಕಾಶವ್ವ, ಕೊರಳಲ್ಲಿ ಲಿಂಗವಿಲ್ಲದ ಕೃಷ್ಣಾಜಿಯ ಬೊಗಸೆಗೆ ರಸ ಸುರಿದಳು. "ಹ್ಯಾಂಗದ?"

ಅವನು ಕುಡಿದು ಕಣ್ಣು ಮುಚ್ಚಿದ. "ಮೊದಲ ಹುಳಿ ರೀ, ಅವ್ವಾರ. ಆಮ್ಯಾಲೆ ಥಂಡಿ ದಿನ ಬಿಸಲಿಗೆ ಕುಂತಂಗ."

"ಅಷ್ಟ ಬರೀರಿ," ಎಂದಳು ಮೈದುನನಿಗೆ, ಜಂತಿಯ ಕಾಗದ ಇಳಿಸಿ ಕೊಟ್ಟು.

ಹೊತ್ತು ಮುಳುಗುವ ಮುಂಚೆ, ಮಿಂದ ಒದ್ದೆ ಸೀರೆಯಲ್ಲೇ ಟಪಾಲ ಡಬ್ಬಿಯ ಎದುರು ನಿಂತು ಹಿಂದೆ ಮುಂದೆ ನೋಡಿದಳು. ಕಾಗದ ಒಳಗೆ ಬಿದ್ದ ಸದ್ದಾಯಿತು. ಅವಳ ಬೆರಳು ಮಾತ್ರ ಡಬ್ಬಿಯ ಬಾಯಲ್ಲೇ ಇದ್ದವು, ಒಳಗಿಂದ ಯಾರೋ ಹಿಡಿದುಕೊಂಡ ಹಾಗೆ.