ಸೋಮವಾರವಿಲ್ಲದ ಜೂನ್

ನಮ್ಮ ಪ್ರೆಸ್ಸಿನಲ್ಲಿ ಮಹಡಿಯ ಮೇಲೆ ಕರಡು ತಿದ್ದುವ ನಾವು, ಕೆಳಗೆ ಮಷಿನ್ನಿನವರು. ಒಂಬತ್ತು ವರ್ಷದಿಂದ ನಮ್ಮ ವ್ಯವಹಾರವೆಲ್ಲ ಹಗ್ಗ ಕಟ್ಟಿದ ಬುಟ್ಟಿಯಲ್ಲೇ: ಕರಡು ಇಳಿಯುತ್ತದೆ, ಅಚ್ಚಾದ ಹಾಳೆ ಏರುತ್ತದೆ. ಮಾತಿಲ್ಲ, ಕತೆಯಿಲ್ಲ. ಅವರು ಬಾಯಿ ತೆರೆದರೆ ಬೈಗುಳವೇ ಎಂದು ನಮಗೆಲ್ಲ ಚೆನ್ನಾಗಿ ಗೊತ್ತಿತ್ತು. ಒಬ್ಬರೂ ಕಿವಿಯಾರೆ ಕೇಳಿರಲಿಲ್ಲ, ಆ ಮಾತು ಬೇರೆ.

ಆವತ್ತು ಬೆಳಿಗ್ಗೆ ಹತ್ತಕ್ಕೆ, ನಾನೇ ಸಹಿ ಹಾಕಿ ಇಳಿಸಿದ್ದ ಕ್ಯಾಲೆಂಡರಿನ ನಕಲನ್ನು ಮತ್ತೊಮ್ಮೆ ತಿರುವಿ ನೋಡಿದೆ. ಜೂನ್ ತಿಂಗಳಲ್ಲಿ ಸೋಮವಾರವೇ ಇಲ್ಲ. ಅದರ ಜಾಗದಲ್ಲೂ ಭಾನುವಾರ! ಇನ್ನೊಂದು ತಪ್ಪಾದರೆ ಮನೆಗೆ ನಡಿ ಎಂದು ಯಜಮಾನರು ಹೋದ ವಾರವಷ್ಟೇ ಹೇಳಿದ್ದರು. ಬುಟ್ಟಿಗೆ ಚೀಟಿ ಹಾಕೋಣವೆಂದರೆ ಅದು ಇಳಿಯುವುದು ಯಜಮಾನರ ಕಿಟಕಿಯ ಮುಂದೆಯೇ. ಕೆಳಗೆ ಮಷಿನ್ ಧಡ್ ಧಡ್ ಎನ್ನುತ್ತಿತ್ತು. ಒಂದೊಂದು ಧಡ್ಡಿಗೂ ಒಂದೊಂದು ಹಾಳೆ ಹಾಳು.

ಮೂರು ಸಲ ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದೆ. ಹನ್ನೊಂದೂವರೆಗೆ, ಕೆಳಗಿನವರ ಧಾಟಿಯಲ್ಲೇ ಮಾತಾಡಿ ಗೆಲ್ಲೋಣವೆಂದು ತೋಳು ಮೇಲೇರಿಸಿ ಇಳಿದೇಬಿಟ್ಟೆ.

“ಏನೋ ಗುರೂ, ನಿಲ್ಸೋ ಆ ಡಬ್ಬಾನ! ತಲೆ ಕೆಟ್ಟು ಕೆರ ಹಿಡ್ದೋಗಿದೆ ನಂಗೆ!”

ಮಷಿನ್ನಿನ ಮೇಸ್ತ್ರಿ ಬೆಚ್ಚಿಬಿದ್ದ. ಅರವತ್ತರ ಆಸುಪಾಸಿನ ಆಳು, ಮೊಣಕೈವರೆಗೆ ಮಸಿ. ಗಂಟಲು ಸರಿಮಾಡಿಕೊಂಡು ಕೈಕಟ್ಟಿ ನಿಂತ.

“ಮಾನ್ಯರೇ, ತಮ್ಮ ಶುಭಾಗಮನದಿಂದ ಪರಮಾನಂದವಾಯಿತು. ದಯಮಾಡಿ ಆಸನವನ್ನು ಅಲಂಕರಿಸೋಣವಾಗಲಿ.”

ನಾನು ಬೆಪ್ಪಾದೆ. ಅವನು ದಳದಳ ಬೆವರುತ್ತಿದ್ದ.

“ಇಷ್ಟೇ ಬರೋದಮ್ಮಾ ನಂಗೆ. ಮೇಲಿನವ್ರು ಹೀಗೇ ಮಾತಾಡ್ತಾರಂತಲ್ಲ?”

“ಯಾರಂದ್ರು? ಮೊದ್ಲು ಮಷಿನ್ ನಿಲ್ಸಿ! ಜೂನಲ್ಲಿ ಎರಡೆರಡು ಭಾನುವಾರ ಬಿದ್ದಿದೆ. ಎಷ್ಟು ಹಾಳೆ ಹೋಯ್ತು?”

“ಒಂದು.”

“ಒಂದು ಸಾವಿರಾನಾ?”

“ಒಂದೇ ಹಾಳೆ. ಮೊದಲ್ನೇದ್ರಲ್ಲೇ ಕಣ್ಣಿಗೆ ಬಿತ್ತು. ಹೇಳೋಣ ಅಂತ ಮೆಟ್ಟಿಲ ಹತ್ರ ಬಂದೆ. ಓದಿದವ್ರು, ಗದರ್ತೀರೇನೋ ಅಂತ ಸುಮ್ನಾದೆ.”

“ಮತ್ತೆ ಈ ಸದ್ದು?”

ಆಗ ನೋಡಿದೆ. ಮಷಿನ್ ಬಾಯಲ್ಲಿ ಕಾಗದವೇ ಇರಲಿಲ್ಲ.

“ಸದ್ದು ನಿಂತ್ರೆ ನಾವು ಸೋಮಾರಿಗಳು ಅಂದ್ಕೋತೀರಲ್ಲ,” ಎಂದ ಮೇಸ್ತ್ರಿ. “ಅದಕ್ಕೇ ಖಾಲಿ ಓಡಿಸ್ತಿದೀವಿ.”

ಒಂದೂವರೆ ಗಂಟೆ ಆ ಸದ್ದಿಗೆ ನಾನು ಮೇಲೆ ಸತ್ತು ಸತ್ತು ಹುಟ್ಟಿದ್ದೆ. ಅವನನ್ನು ಬೈಯಬೇಕೆನಿಸಿತು, ಕಾಲಿಗೆ ಬೀಳಬೇಕೆಂದೂ ಅನಿಸಿತು. ಎರಡೂ ಆಗದೆ ಮಸಿ ಹತ್ತಿದ ಸ್ಟೂಲಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವನೂ ನಗುತ್ತಾ ಸ್ವಿಚ್ಚಿನ ಕಡೆ ಕೈಚಾಚಿದ.

“ಬೇಡ ಬೇಡ, ಓಡ್ಲಿ!” ಎಂದೆ. “ಯಜಮಾನ್ರಿಗೆ ಕೇಳ್ತಿರ್ಲಿ. ಅಷ್ಟರಲ್ಲಿ ನಾವಿಬ್ರೂ ಸೋಮವಾರ ಕೂರಿಸೋಣ.”