ಬೇಡವೆನ್ನುವ ಬೆಲೆ

೧.

ಕಾರಿನಿಂದ ಶುರು ಮಾಡಲೇ, ಹೆಂಗಸಿನಿಂದ ಶುರು ಮಾಡಲೇ? ಕಾರಿನಿಂದ ಅಂದರೆ ನಮ್ಮ ಗ್ಯಾರೇಜಿಗೆ ಬರುವ ಗಂಡಸರೆಲ್ಲ ಕಿವಿ ನಿಮಿರಿಸಿ ಕೂರುತ್ತಾರೆ. ಮೂರನೇ ಸಾಲಿಗೇ ನಾನು ಎಂಜಿನ್ ಬಗ್ಗೆ ಏನೋ ತಪ್ಪು ಬರೆದು ಬೈಸಿಕೊಳ್ಳುತ್ತೇನೆ. ಹೆಂಗಸಿನಿಂದ ಅಂದರೆ ನೀವು ‘ಓಹೋ, ನೆನಪಿನ ಕಥೆ’ ಎಂದು ಪುಟ ಮಗುಚುತ್ತೀರಿ. ಆದ್ದರಿಂದ ಬೆಲೆಯಿಂದ ಶುರು ಮಾಡುತ್ತೇನೆ. ಅರವತ್ತು ಲಕ್ಷ ಯೆನ್.

(ಹೆಚ್ಚಾಯಿತು ಅನ್ನಿಸಿತೇ? ಅನ್ನಿಸಲೇಬೇಕು. ಅದಕ್ಕೆಂದೇ ಹಾಕಿದ ಬೆಲೆ ಅದು.)

ನಾನು ಫುಮಿ. ಉವಾಜಿಮಾ ಬಂದರಿನ ಹಿಂದಿನ ಬೀದಿಯಲ್ಲಿ ಯಾಕುಶಿಜಿಯವರ ಗ್ಯಾರೇಜಿದೆ. ಅಲ್ಲಿ ಫೋನ್ ಎತ್ತುವುದು, ಟೀ ಕೊಡುವುದು, ಎಸ್ಟಿಮೇಟ್ ಟೈಪ್ ಮಾಡುವುದು ನನ್ನ ಕೆಲಸ. ಕಥೆ ಬರೆಯುವುದು ಊಟದ ಬಿಡುವಿನಲ್ಲಿ, ಬೇಡವಾದ ಎಸ್ಟಿಮೇಟ್ ಹಾಳೆಗಳ ಹಿಂಬದಿಯಲ್ಲಿ. ಎರಡೂ ಒಂದೇ ಜಾತಿಯ ಕೆಲಸ. ಒಳಗೇನಿದೆ ಎಂದು ಗೊತ್ತಿಲ್ಲದೆಯೇ ಗೊತ್ತಿರುವವರ ಹಾಗೆ ಬರೆಯಬೇಕು.

೨.

ಮೊದಲ ಕರಡು ಹೀಗಿತ್ತು: ವಿಧವೆಯೊಬ್ಬಳು ತೀರಿಹೋದ ಗಂಡನ ಹಳೆಯ ಕಾರನ್ನು ದುರಸ್ತಿಗೆ ತರುತ್ತಾಳೆ, ಸವೆದ ಸೀಟಿನ ಮೇಲೆ ಕೈಯಾಡಿಸುತ್ತಾಳೆ, ಕಣ್ಣು ಒದ್ದೆಯಾಗುತ್ತದೆ. ಎರಡು ಪುಟ ಬರೆದು, ಭೇಷ್ ಎಂದು ನನಗೆ ನಾನೇ ಹೇಳಿಕೊಂಡು, ಆ ಪಾತ್ರಕ್ಕೆ ಮೂಲವಾದ ಕಜುಯೋ ಅಮ್ಮನಿಗೇ ಓದಿ ಹೇಳಿದೆ.

“ನನ್ನ ಗಂಡನ್ನ ಯಾಕೆ ಸಾಯಿಸಿದೀಯ ಫುಮಿ? ಮನೇಲಿ ಟೀವೀಲಿ ಸುಮೋ ಕುಸ್ತಿ ನೋಡ್ಕೊಂಡು ಕೂತಿದಾರೆ.”

ಕಥೆಗೆ ಅನುಕೂಲವಾಗುತ್ತದೆ ಎಂದೆ.

“ನಿನ್ನ ಅನುಕೂಲಕ್ಕೆ ಬೇಕಾದ್ರೆ ಶೀತ ಆಗಿದೆ ಅಂತ ಬರ್ಕೋ. ಅದಕ್ಕಿಂತ ಮುಂದೆ ಹೋಗ್ಬೇಡ.”

ಹಾಗಾಗಿ ಈ ಕಥೆಯುದ್ದಕ್ಕೂ ಅವರ ಗಂಡ ಶಿಗೆಹಿಕೊ ಅವರಿಗೆ ಶೀತವಾಗಿರುತ್ತದೆ. ನೆನಪಿಟ್ಟುಕೊಳ್ಳಿ, ನಾನು ಮರೆತರೂ ನೀವು ಮರೆಯಬೇಡಿ.

ಇನ್ನು ನಿಜ ಸಂಗತಿ. ಕಜುಯೋ ಅಮ್ಮನಿಗೆ ಎಪ್ಪತ್ನಾಲ್ಕು. ಮೀನನ್ನು ಮೂಳೆ ಸಮೇತ ರುಬ್ಬಿ ಕರಿಯುವ ಜಾಕೊತೆನ್ ಅಂಗಡಿ ಮೊದಲು ಅವರ ತಂದೆಯದಾಗಿತ್ತು, ಆಮೇಲೆ ಅವರದಾಯಿತು. ಕಾರು ಆ ಅಂಗಡಿಯದು. ಬೆಣ್ಣೆ ಬಣ್ಣ, ಎರಡೇ ಬಾಗಿಲು. ನಮ್ಮೂರಿನ ಕಾಳಗದ ಗೂಳಿಯೊಂದು ಪಕ್ಕಕ್ಕೆ ಬಂದು ನಿಂತರೆ ಕಾರೇ ಕರುವಿನ ಹಾಗೆ ಕಾಣುತ್ತದೆ. ಕಜುಯೋ ಅಮ್ಮ ಹದಿನೆಂಟನೇ ವಯಸ್ಸಿಗೆ ಅದರಲ್ಲಿ ಕಲಿತು, ಬಂದರಿನ ಬೀದಿಯಲ್ಲಿ ಕಾರು ಓಡಿಸಿದ ಮೊದಲ ಹುಡುಗಿಯಾದರು. ಮನೆ ಅಳಿಯನಾಗಿ ಬಂದ ಶಿಗೆಹಿಕೊ ಅವರು ಓಡಿಸುವುದನ್ನು ಕಲಿಯಲೇ ಇಲ್ಲ. ಮದುವೆಯಾದಾಗಿನಿಂದ ಹೆಂಡತಿಯ ಪಕ್ಕದ ಸೀಟಿನಲ್ಲಿ ಬಾಗಿಲಂಚನ್ನು ಗಟ್ಟಿಯಾಗಿ ಹಿಡಿದು ಕೂರುತ್ತ ಬಂದಿದ್ದಾರೆ. ಅಂಗಡಿ ಬೆಳೆದು ವ್ಯಾನು ಬಂದಾಗ ಪುಟ್ಟ ಕಾರು ಗುಡ್ಡದ ಮೇಲಿನ ಕಿತ್ತಳೆ ತೋಟದವರ ಪಾಲಾಯಿತು. ಈ ಬೇಸಿಗೆಯಲ್ಲಿ ಅವರು ಶೆಡ್ಡು ಖಾಲಿ ಮಾಡುವಾಗ ಬೇಕಾ ಎಂದು ಕೇಳಿದರು. ಕಜುಯೋ ಅಮ್ಮ ಒಂದು ಡಬ್ಬಿ ಜಾಕೊತೆನ್ ಕೊಟ್ಟು ತಂದರು.

ಯಾಕೆ ತಂದರು? ಅವರ ಮಗ ಒಂದು ವರ್ಷದಿಂದ ಲೈಸೆನ್ಸ್ ವಾಪಸ್ ಕೊಟ್ಟುಬಿಡು ಎಂದು ಬೆನ್ನು ಹತ್ತಿದ್ದಾನೆ. ಎಪ್ಪತ್ತೈದಾದವರು ಲೈಸೆನ್ಸ್ ನವೀಕರಿಸಬೇಕಾದರೆ ನೆನಪಿನ ಪರೀಕ್ಷೆಗೆ ಕೂರಬೇಕು. ಹದಿನಾರು ಚಿತ್ರ ತೋರಿಸುತ್ತಾರೆ, ಮುಚ್ಚುತ್ತಾರೆ, ಸ್ವಲ್ಪ ಹೊತ್ತಾದ ಮೇಲೆ ಯಾವ್ಯಾವುದಿತ್ತು ಎಂದು ಕೇಳುತ್ತಾರೆ. ಆ ಪರೀಕ್ಷೆಯ ಹೆಸರೆತ್ತಿದರೆ ಕಜುಯೋ ಅಮ್ಮನ ಕೈಕಾಲು ತಣ್ಣಗಾಗುತ್ತದೆ. ಅದಕ್ಕೆ ಕೂರುವ ಬದಲು ಕೊಟ್ಟೇಬಿಡುತ್ತೇನೆ ಎಂದು ಮಗನಿಗೆ ಒಪ್ಪಿದ್ದಾರೆ. ಆದರೆ ಒಂದು ಷರತ್ತು ಹಾಕಿದ್ದಾರೆ.

“ಯಾವ ಕಾರಲ್ಲಿ ಕಲಿತ್ನೋ ಅದೇ ಕಾರನ್ನ ನಾನೇ ಓಡಿಸ್ಕೊಂಡು ಪೊಲೀಸ್ ಸ್ಟೇಷನ್‌ಗೆ ಹೋಗಿ ಕೊಡ್ತೀನಿ. ಮಗ ಕರ್ಕೊಂಡು ಹೋಗಿ ಇಳಿಸಿ, ನಾನು ಅಲ್ಲಿ ಕೈ ಚಾಚಿ ಕೊಟ್ಟು ಬರೋದಾದ್ರೆ, ಕೊಡಲ್ಲ.”

೩.

ನಮ್ಮೂರಿನಲ್ಲಿ ಗಿರಾಕಿಯ ಮುಖಕ್ಕೆ ‘ಆಗಲ್ಲ’ ಎನ್ನುವವರಿಲ್ಲ. ಬೇಡದ ಕೆಲಸ ಬಂದರೆ ಒಂದು ಬೆಲೆ ಹೇಳುತ್ತೇವೆ. ಗಿರಾಕಿ ಅದನ್ನು ನೋಡಿ, ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು, ಮನೆಯಲ್ಲಿ ಮಾತಾಡಿ ಹೇಳುತ್ತೇನೆ ಎಂದು ಟೀ ಮುಗಿಸಿ ಏಳುತ್ತಾರೆ. ಮುಂದೆ ಮೀನು ಮಾರ್ಕೆಟ್ಟಿನಲ್ಲಿ ಎದುರಾದರೆ ಇಬ್ಬರೂ ಸೆಕೆಯ ಬಗ್ಗೆ ಮಾತಾಡುತ್ತಾರೆ. ಯಾರ ಮರ್ಯಾದೆಗೂ ಗೀರು ಬೀಳುವುದಿಲ್ಲ.

ಯಾಕುಶಿಜಿಯವರಿಗೆ ಇಡೀ ಕಾರನ್ನು ಬಿಚ್ಚಿ ಹೊಸದರಂತೆ ಮಾಡುವ ಕೆಲಸ ಇನ್ನು ಬೇಡವಾಗಿತ್ತು. ಹಿಂದೊಮ್ಮೆ ಮತ್ಸುಯಾಮಾದ ಡಾಕ್ಟರೊಬ್ಬರ ಕಾರನ್ನು ಒಪ್ಪಿಕೊಂಡು, ಆಸೆಗೆ ಬಿದ್ದು ಕಡಿಮೆ ಬೆಲೆ ಹೇಳಿ, ವರ್ಷಗಟ್ಟಲೆ ಹೆಣಗಾಡಿ ಕೈ ಸುಟ್ಟುಕೊಂಡಿದ್ದರು. ಆಮೇಲೆ ಟೈರು, ಆಯಿಲ್, ಸರ್ಕಾರಿ ತಪಾಸಣೆ, ಅಷ್ಟೇ. ಬೆನ್ನು ಬೇರೆ ನೋಯುತ್ತದೆ, ಹೊಟ್ಟೆ ಬೇರೆ ಅಡ್ಡ ಬರುತ್ತದೆ.

(ಈ ಸಾಲನ್ನು ಅವರು ನನ್ನ ಹೆಗಲ ಮೇಲಿಂದ ಓದಿದರು. “ಹೊಟ್ಟೆ ಯಾಕೆ ಬಂತು ಇಲ್ಲಿ?” “ಅದು ಮೊದ್ಲಿಂದ್ಲೂ ಇದೆ ಓನರ್.” “ಕಥೇಲಿ ಬೇಡ.” ಬೇಡ ಎಂದದ್ದನ್ನು ತೆಗೆಯುವುದಕ್ಕೆ ಪ್ರತ್ಯೇಕ ಚಾರ್ಜು ಎಂದೆ. ಹೊಟ್ಟೆ ಉಳಿಯಿತು.)

ಯಾಕುಶಿಜಿಯವರಿಗೆ ಕಜುಯೋ ಅಮ್ಮ ಬಾಲ್ಯದಿಂದ ಅಕ್ಕನಿದ್ದ ಹಾಗೆ. ಅವರ ಅಂಗಡಿಯ ಎಣ್ಣೆ ಬಾಣಲೆಯ ಮುಂದೆ ನಿಂತು ತಿಂದು ಬೆಳೆದವರು ಇವರು. ಹಾಗಾಗಿ ಬೇಡವೆನ್ನುವ ಬೆಲೆಯನ್ನು ತೂಗಿ ತೂಗಿ ಹಾಕಿದರು. ಕೇಳಿದವರು ಎದ್ದು ಹೋಗಬೇಕು, ಆದರೆ ಅಕ್ಕನಿಗೆ ನೋವಾಗಬಾರದು. ಅರವತ್ತು ಲಕ್ಷ ಎಂದು ಟೈಪ್ ಮಾಡಲು ಹೇಳಿದರು. ಕಾರನ್ನು ಬಿಚ್ಚುವುದಿರಲಿ, ಅದರ ಬಾಗಿಲನ್ನೂ ತೆರೆದು ನೋಡಿರಲಿಲ್ಲ.

ಕಜುಯೋ ಅಮ್ಮ ಹಾಳೆಯನ್ನು ಓದಿದರು. ನಾನು ಉಸಿರೆಳೆದುಕೊಳ್ಳುವ ಸದ್ದಿಗೆ ಕಾಯುತ್ತಿದ್ದೆ. ಅವರು ಟೀ ಲೋಟ ಕೆಳಗಿಟ್ಟರು.

“ಆಯ್ತು. ಯಾವಾಗ ಶುರು ಮಾಡ್ತೀಯ ತಮ್ಮಾ?”

೪.

ಈಗ ಎಲ್ಲರೂ ಸಿಕ್ಕಿಹಾಕಿಕೊಂಡೆವು. ಯಾಕುಶಿಜಿಯವರು ಆ ದುಡ್ಡು ತೆಗೆದುಕೊಂಡರೆ ಅಕ್ಕನನ್ನು ದೋಚಿದ ಹಾಗೆ. ಅದು ಸುಳ್ಳು ಬೆಲೆ ಎಂದರೆ ಅಕ್ಕನನ್ನು ಓಡಿಸಲು ನೋಡಿದೆ ಎಂದು ಒಪ್ಪಿಕೊಂಡ ಹಾಗೆ. ನಾನಂತೂ ಎರಡನೇ ಕರಡಿನಲ್ಲಿ ಅವರನ್ನು ಕಜುಯೋ ಅಮ್ಮನ ಹೊಸ್ತಿಲಲ್ಲಿ ಮಂಡಿಯೂರಿಸಿ ಅಳುವಂತೆ ಮಾಡಿದೆ.

“ನಾನು ಅಳ್ಲಿಲ್ಲ.”

“ಸ್ವಲ್ಪ ಅಳಿ ಓನರ್. ಓದೋರಿಗೆ ಇಷ್ಟ ಆಗುತ್ತೆ.”

“ಅದರ ಲೇಬರ್ ಚಾರ್ಜ್ ಯಾರು ಕೊಡ್ತಾರೆ?”

ಆ ಕರಡೂ ಹೋಯಿತು. ಇದುವರೆಗಿನ ಖರ್ಚು: ಎರಡು ಆರಂಭ, ಒಂದು ಸಾವು (ಹಿಂತೆಗೆದುಕೊಳ್ಳಲಾಗಿದೆ), ಒಂದು ಅಳು (ಗಿರಾಕಿ ಬೇಡವೆಂದರು).

೪. (ತಿದ್ದಿದ್ದು)

ನಿಜವಾಗಿ ಅವರು ಮಾಡಿದ್ದು ಇಷ್ಟೇ. ಕಾರನ್ನು ಲಿಫ್ಟಿನ ಮೇಲೆ ಏರಿಸಿ ಪ್ರಾಮಾಣಿಕವಾದ ಎಸ್ಟಿಮೇಟ್ ಹಾಕಲು ಕೂತರು. ಮೂವತ್ತು ಬಂದೀತು, ಹೆಚ್ಚೆಂದರೆ ಮೂವತ್ತೈದು. ಅಷ್ಟನ್ನೇ ತೆಗೆದುಕೊಂಡು ಉಳಿದದ್ದನ್ನು ಮರಳಿಸಿ, ಲೆಕ್ಕ ತಪ್ಪಿತ್ತು ಅಕ್ಕ ಎಂದರೆ ಆಯಿತು. ಅದು ಅವರ ಯೋಜನೆ.

ಬಾಗಿಲ ಕೆಳಗಿನ ಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಸುಮ್ಮನೆ ಕುಟ್ಟಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು. ಕಾರ್ಪೆಟ್ ಎತ್ತಿದರೆ ಇಲಿಗಳು ಕಿತ್ತಳೆ ಗಿಡದ ಕಡ್ಡಿ ಒಟ್ಟಿ ಸಂಸಾರ ಹೂಡಿದ್ದವು. ಅದರ ಕೆಳಗೆ ನೆಲದ ತೂತಿಗೆ ಯಾರೋ ಔಷಧಿ ಸಿಂಪಡಿಸುವ ಡಬ್ಬದ ಮುಚ್ಚಳ ಬಡಿದು ಬಣ್ಣ ಬಳಿದಿದ್ದರು. ಕಾಣುವ ತುಕ್ಕಿನ ಹಿಂದೆ ಕಾಣದ ತುಕ್ಕಿತ್ತು. ಚಕ್ರದ ಮೇಲಿನ ಕಮಾನಿನಲ್ಲಿ ತಗಡಿಗಿಂತ ಪುಟ್ಟಿಯೇ ಹೆಚ್ಚಿತ್ತು. ಟಿಂಕರಿಂಗ್, ವೆಲ್ಡಿಂಗ್, ಎಲ್ಲೂ ಸಿಗದ ಬಿಡಿಭಾಗಗಳನ್ನು ಲೇಥಿನಲ್ಲಿ ಮಾಡಿಸುವುದು, ಹೀಗೆ ಅವರು ಕಾರಿನಡಿಯಿಂದ ಕೂಗಿ ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ಕೊನೆಯಲ್ಲಿ ಕೂಡಿಸಿದೆ. ತಪ್ಪಾಯಿತೆಂದು ಮತ್ತೆ ಕೂಡಿಸಿದೆ.

ಎಪ್ಪತ್ತೊಂದು ಲಕ್ಷ.

ಯಾಕುಶಿಜಿಯವರು ಸ್ಟೂಲಿನ ಮೇಲೆ ಕೂತುಬಿಟ್ಟರು. ತಮ್ಮ ಜೀವಮಾನವಿಡೀ ಹೇಳಿದ ಬೆಲೆಗಳೆಲ್ಲ ಕಡಿಮೆಯಾಗಿದ್ದವು ಎಂದು ಅವರಿಗೆ ಹೊಳೆದದ್ದು ಆಗಲೇ ಇರಬೇಕು. ಹೆಚ್ಚುಕಮ್ಮಿ ಸರಿಯಾಗಿ ಹೇಳಿದ ಒಂದೇ ಬೆಲೆಯೆಂದರೆ ಆ ಸುಳ್ಳು ಬೆಲೆ. ನನಗೆ ನಗು ಬಂತು, ಅವರ ಮುಖ ನೋಡಿ ತಡೆದುಕೊಂಡೆ. ಇದನ್ನು ನಾನು ಕಲ್ಪಿಸಿ ಬರೆದಿದ್ದರೆ ನೀವು ನಂಬುತ್ತಿರಲಿಲ್ಲ. (ಕಲ್ಪಿಸಿಯೇ ಬರೆದಿದ್ದೇನೆ. ಆದರೂ ನಂಬಿ.)

೬.

ಐದು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಯಾಕುಶಿಜಿಯವರು ಮೂರು ದಿನ ಕಜುಯೋ ಅಮ್ಮನ ಫೋನ್ ಎತ್ತದೆ ಓಡಾಡುತ್ತಾರೆ. ನೋಡುವಂಥದ್ದೇನಿಲ್ಲ.

ನಾಲ್ಕನೇ ದಿನ ಕಜುಯೋ ಅಮ್ಮನೇ ಬಂದರು. ಯಾಕುಶಿಜಿಯವರು ಎರಡೂ ಎಸ್ಟಿಮೇಟುಗಳನ್ನು ಮೇಜಿನ ಮೇಲಿಟ್ಟು, ಮೊದಲನೆಯದು ಬೇಡವೆನ್ನಲು ಹಾಕಿದ ಬೆಲೆ ಎಂದು ತಲೆ ತಗ್ಗಿಸಿ ಹೇಳಿದರು. ಅವರ ಕಿವಿ ಕೆಂಪಾಗಿತ್ತು.

“ಗೊತ್ತಿತ್ತು” ಎಂದರು ಕಜುಯೋ ಅಮ್ಮ. “ಬೇಡದ ಗಿರಾಕಿಗೆ ನಾನೂ ಹಾಗೇ ಹೇಳ್ತಿದ್ದೆ. ಮದುವೆಗೆ ಐನೂರು ಜಾಕೊತೆನ್ ಬೇಕು, ನಾಳೇನೇ ಬೇಕು ಅಂತ ಬರೋರಿಗೆ.”

“ಮತ್ತೆ ಯಾಕೆ ಒಪ್ಪಿದ್ರಿ ಅಕ್ಕ?”

“ಬೇರೆ ಊರಲ್ಲಿ ನಾಲ್ಕು ಕಡೆ ವಿಚಾರಿಸ್ದೆ. ಒಬ್ಬರೂ ಬೆಲೇನೇ ಹೇಳ್ಲಿಲ್ಲ, ನೋಡೋಣ ನೋಡೋಣ ಅಂದ್ರು. ನೀನೊಬ್ಬನೇ ಹೇಳಿದ್ದು. ಬೆಲೆ ಇದೆ ಅಂದ್ಮೇಲೆ ಕೆಲಸ ಆಗುತ್ತೆ ಅಂತ ತಾನೇ?”

ಈ ಮಾತು ನಾನು ಬರೆದದ್ದಲ್ಲ. ಟೈಪ್ ಮಾಡುವ ನನ್ನ ಕೈ ನಿಂತೇ ಹೋಗಿತ್ತು.

ಆಮೇಲೆ ಅವರು ಕನ್ನಡಕ ಹಾಕಿಕೊಂಡು ಎರಡನೇ ಎಸ್ಟಿಮೇಟಿನ ಮೇಲೆ ಪೆನ್ಸಿಲ್ ಆಡಿಸಿದರು. ಕ್ರೋಮ್ ಹೊಳಪು ಬೇಡ. ರೇಡಿಯೋ ಬೇಡ, ಗಂಡನೇ ಸಾಕಷ್ಟು ಮಾತಾಡುತ್ತಾರೆ. ಹಿಂದಿನ ಸೀಟು ಬೇಡ, ಮಗನನ್ನು ಕೂರಿಸುವ ಉದ್ದೇಶವಿಲ್ಲ. ಓಡುವುದಕ್ಕೆ ಬೇಕಾದ್ದು, ನಿಲ್ಲುವುದಕ್ಕೆ ಬೇಕಾದ್ದು, ಬೆಣ್ಣೆ ಬಣ್ಣ, ಇವಿಷ್ಟು ಉಳಿದವು. ಐವತ್ತೇಳಕ್ಕೆ ಇಳಿಯಿತು. ಅರವತ್ತೇ ಇರಲಿ, ಮಿಕ್ಕದ್ದು ಬಿಚ್ಚಿದ ಮೇಲೆ ಸಿಗುವ ತುಕ್ಕಿಗೆ ಎಂದರು. ಅಂಗಡಿ ಮುಚ್ಚಿ ಜಾಗ ಮಾರಿದ ಹಣವದು. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಅವರು ಯಾರನ್ನೂ ಕೇಳುವವರಲ್ಲ.

ಎಲ್ಲರೂ ಹಗುರಾದೆವು. ಇಲ್ಲಿಗೆ ಕಥೆ ಮುಗಿಸಬಹುದಿತ್ತು. ಆದರೆ ಯಾಕುಶಿಜಿಯವರು ಎಸ್ಟಿಮೇಟಿನ ಕೆಳಗಿನ ಸಾಲನ್ನು ಬೆರಳಿಟ್ಟು ತೋರಿಸಿದರು. ಕೆಲಸಕ್ಕೆ ಬೇಕಾಗುವ ಕಾಲ: ಎರಡು ವರ್ಷ, ಮೇಲೂ ಆಗಬಹುದು. ಕಜುಯೋ ಅಮ್ಮನ ಲೈಸೆನ್ಸ್ ಅದಕ್ಕಿಂತ ಆರು ತಿಂಗಳು ಮೊದಲೇ ಮುಗಿಯುತ್ತದೆ. ಬೇಗ ಮಾಡಲು ಬರುವುದಿಲ್ಲವೇ ಎಂದು ಕೇಳಿದ್ದು ನಾನು. ಮಾಡಬಹುದು, ತುಕ್ಕಿನ ಮೇಲೆ ಪುಟ್ಟಿ ಮೆತ್ತಿದರೆ ಎಂದರು. ಅಕ್ಕ ಕೂರುವ ಗಾಡಿಗೆ ಹಾಗೆ ಮಾಡುವುದಿಲ್ಲ ಎಂದೂ ಹೇಳಿದರು.

ಕಜುಯೋ ಅಮ್ಮ ಅರವತ್ತು ಲಕ್ಷಕ್ಕೆ ಎಳೆದುಕೊಳ್ಳದ ಉಸಿರನ್ನು ಈಗ ಎಳೆದುಕೊಂಡರು.

“ಹಾಗಾದ್ರೆ ಆ ಹಾಳು ಚಿತ್ರಗಳನ್ನ ಕಲೀಲೇಬೇಕು” ಎಂದರು.

೭.

ಮುಕ್ತಾಯಗಳು, ಆರಿಸಿಕೊಳ್ಳಲು.

ಅ) ಪರೀಕ್ಷೆ ಪಾಸಾಗುತ್ತದೆ, ಕಾರು ಸಿದ್ಧವಾಗುತ್ತದೆ. ಕಜುಯೋ ಅಮ್ಮ ಸ್ಟೇಷನ್ನಿಗೆ ಓಡಿಸಿಕೊಂಡು ಹೋಗಿ ಲೈಸೆನ್ಸ್ ಕೊಟ್ಟು, ಗಂಡನ ಜೊತೆ ಬಸ್ಸಿನಲ್ಲಿ ಮನೆಗೆ ಬರುತ್ತಾರೆ. (ಯಾಕುಶಿಜಿಯವರ ಆಕ್ಷೇಪ: “ಅಲ್ಲಿಂದ ಕಾರನ್ನ ತರೋದು ಯಾರು? ನಾನೇ ಹೋಗ್ಬೇಕು. ಅದನ್ನ ಎಸ್ಟಿಮೇಟಲ್ಲಿ ಸೇರಿಸಿಲ್ಲ.”)

ಆ) ಫೇಲಾಗುತ್ತಾರೆ. ಶಿಗೆಹಿಕೊ ಅವರು ಮುದಿವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಹೆಂಡತಿಯನ್ನು ಸುತ್ತಾಡಿಸುತ್ತಾರೆ. (ಕಜುಯೋ ಅಮ್ಮನ ಆಕ್ಷೇಪ: “ಅವರು ಓಡಿಸೋ ಗಾಡೀಲಿ ನಾನು ಕೂರಲ್ಲ. ಅದಕ್ಕಿಂತ ನೀನು ಮೊದ್ಲು ಬರೆದಿದ್ದೇ ವಾಸಿ.”)

ಇ) ಪಾಸಾಗಿ, ಮೂರು ವರ್ಷದ ಹೊಸ ಲೈಸೆನ್ಸ್ ಸಿಕ್ಕಿ, ಅದನ್ನು ವಾಪಸ್ ಕೊಡಬೇಕಿತ್ತು ಎಂಬುದನ್ನೇ ಮರೆಯುತ್ತಾರೆ. (ಯಾರೂ ಆಕ್ಷೇಪಿಸಿಲ್ಲ. ಮಗನಿಗೆ ಇನ್ನೂ ತೋರಿಸಿಲ್ಲ.)

ಮೂರನ್ನೂ ಬರೆದು ಮೂರನ್ನೂ ಹೊಡೆದು ಹಾಕಿದೆ. ಪರೀಕ್ಷೆಗೆ ಇನ್ನೂ ಒಂದು ವರ್ಷವಿದೆ, ಕಾರಿಗೆ ಇನ್ನೂ ನೆಲವೇ ಇಲ್ಲ. ಬಿಚ್ಚಿಟ್ಟ ಗಾಡಿಯ ಕಥೆಗೆ ಕೊನೆ ಬರೆಯುವ ಧೈರ್ಯ ನನಗಿಲ್ಲ. ಗೊತ್ತಿರುವುದು ಈ ಗುರುವಾರದ್ದು ಮಾತ್ರ.

ಗುರುವಾರ ಯಾಕುಶಿಜಿಯವರು ಕೊಳೆತ ನೆಲವನ್ನು ಪೂರ್ತಿ ಕತ್ತರಿಸಿ ತೆಗೆದಿದ್ದರು. ಕಜುಯೋ ಅಮ್ಮ ಗಂಡನನ್ನು ಕರೆದುಕೊಂಡು ಬಂದು, ಕೂರುತ್ತೇನೆ ಎಂದು ಹಟ ಹಿಡಿದರು. ಅಡ್ಡಕ್ಕೊಂದು ಹಲಗೆ ಹಾಕಿಕೊಟ್ಟೆವು. ಅವರು ಬಲಗಡೆ, ಶಿಗೆಹಿಕೊ ಅವರು ಎಡಗಡೆ, ನಾಲ್ಕೂ ಕಾಲು ಗ್ಯಾರೇಜಿನ ಸಿಮೆಂಟಿನ ಮೇಲೆ. ನಾನು ಹೊರಗೆ ನಿಂತು ಚಿತ್ರಗಳ ಹಾಳೆ ತೋರಿಸಿ ಮುಚ್ಚಿದೆ.

“ಏಣಿ. ಬಾತುಕೋಳಿ. ಗಿಟಾರು. ಕುಡುಗೋಲು. ದ್ರಾಕ್ಷಿ...” ಹೇಳುತ್ತ ಹೋದರು. ಹದಿನೈದು ಬಂತು. ಹದಿನಾರನೆಯದು ಬರಲಿಲ್ಲ. ಶಿಗೆಹಿಕೊ ಅವರಿಗೆ ಗೊತ್ತಿತ್ತು, ಬಾಯಿ ಬಿಡಲು ಹೋಗಿ ಸೀನಿದರು. (ಶೀತ.)

“ನೀವು ಸುಮ್ನಿರಿ, ನಂಗೇ ಬರುತ್ತೆ” ಎಂದರು ಕಜುಯೋ ಅಮ್ಮ. ಯೋಚಿಸುತ್ತಲೇ ಅವರ ಎಡಗಾಲು ಸಿಮೆಂಟಿನ ಮೇಲೆ ಕ್ಲಚ್ ಒತ್ತಿತು. ಎಡಗೈ ಇಲ್ಲದ ಗೇರನ್ನು ಮೊದಲನೆಯದಕ್ಕೆ ಹಾಕಿತು. ಬಲಗಾಲು ಆಚೀಚೆ ಹುಡುಕಾಡಿತು.

“ತಮ್ಮಾ, ಬ್ರೇಕ್ ಎಲ್ಲಿ?”

“ಇನ್ನೂ ಹಾಕಿಲ್ಲ ಅಕ್ಕ.”

“ಇರ್ಲಿ ಬಿಡು. ಈಗ್ಲೇ ಏನೂ ನಿಲ್ಸೋದಿಲ್ವಲ್ಲ.”

ಶಿಗೆಹಿಕೊ ಅವರು ಕರವಸ್ತ್ರವನ್ನು ಜೇಬಿಗೆ ಹಾಕಿ, ಬಾಗಿಲಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.